ಆರು ಕೊಂಬಿನ ಪೆಟ್ಟಿಗೆ

ಪದಾರ್ಥವನ್ನು ನೋಡಿ ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿಲ್ಲವೆಂಬುದು ಬಹುಕಾಲದಿಂದ ನನ್ನ ನಂಬಿಕೆಯಾಗಿತ್ತು. ದೇವರಾಜ ಮಾರುಕಟ್ಟೆಯಲ್ಲಿ ಬದನೆಕಾಯಿಯ ತೊಟ್ಟನ್ನು ನೋಡಿಯೇ ಒಳಗೆ ಹುಳುವುಂಟೋ ಇಲ್ಲವೋ ಹೇಳಬಲ್ಲೆ. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಅದರ ಯೋಗ್ಯತೆಯನ್ನು ಅಳೆಯಬಲ್ಲೆ. ನಮ್ಮಾಕೆ ಇದನ್ನು ಒಪ್ಪುವುದಿಲ್ಲ. "ನೀವು ತಂದ ಕಾಯಿಗಳನ್ನು ಒಡೆದವಳು ನಾನು" ಎಂಬುದು ಆಕೆಯ ವಾದ. ಅದಿರಲಿ. ಹೀಗೆ ಹೆಮ್ಮೆಪಟ್ಟುಕೊಂಡಿದ್ದ ನಾನು ಈ ಇಳಿವಯಸ್ಸಿನಲ್ಲಿ ಒಂದು ರೌಟರನ್ನು ಆರಿಸಲು ಹೋಗಿ ಎಡವಿದ ಕಥೆಯನ್ನು ಈಗ ಹೇಳಹೊರಟಿದ್ದೇನೆ.

ರೌಟರ್ ಎಂದರೆ ಮನೆಗೆ ಬರುವ ಇಂಟರ್‌ನೆಟ್ ತಂತಿಯನ್ನು ಬೆನ್ನಿಗೆ ಸಿಕ್ಕಿಸಿಕೊಂಡು, ಬಂದದ್ದನ್ನು ಮನೆಯವರಿಗೆಲ್ಲ ಹಂಚುವ ಪೆಟ್ಟಿಗೆ. ಇಂದು ಯಾವ ಮನೆಯ ಹಜಾರದಲ್ಲಿ ಅದಿಲ್ಲ? ಗಡಿಯಾರದ ಪಕ್ಕದ ಮೊಳೆಗೆ ನೇತುಬಿದ್ದು ಹಸಿರು ಕಣ್ಣನ್ನು ಮಿಟುಕಿಸುತ್ತಿರುತ್ತದೆ. ಅದು ಕೆಟ್ಟಾಗ ಮಾತ್ರ ಅದರ ನೆನಪಾಗುತ್ತದೆ.

ನಮ್ಮ ಸೊಸೆ ವೈದ್ಯೆ. ನಾಡಿ ಹಿಡಿಯುವ ವೈದ್ಯೆಯಲ್ಲ, ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ. ಚಿತ್ರಗಳನ್ನು ನೋಡಿ ದೇಹದ ಒಳಗಿನ ಕೇಡನ್ನು ಹೇಳುವವಳು. ರೇಡಿಯಾಲಜಿಸ್ಟ್ ಎನ್ನುತ್ತಾರೆ. ಮಗು ಹುಟ್ಟಿದ ಮೇಲೆ ರಾತ್ರಿಯ ಪಾಳಿಗೆ ಆಸ್ಪತ್ರೆಗೆ ಹೋಗುವುದು ಆಗದ ಮಾತಾಯಿತು. ಮಗ ವಾರದಲ್ಲಿ ಐದು ದಿನ ಬೆಂಗಳೂರಿನಲ್ಲಿರುತ್ತಾನೆ. ಕೆಲಸವನ್ನೇ ಬಿಟ್ಟುಬಿಡುವುದೇ ಎಂಬ ಯೋಚನೆಯಲ್ಲಿ ಅವಳು ಇದ್ದಾಗ, ಮಲೆನಾಡಿನ ಒಂದು ಊರಿನ ಆಸ್ಪತ್ರೆಯವರು ದಾರಿ ತೋರಿಸಿದರು. ಅಲ್ಲಿ ರಾತ್ರಿಯ ಹೊತ್ತು ಚಿತ್ರ ತೆಗೆಯುವ ಯಂತ್ರವುಂಟು, ಯಂತ್ರವನ್ನು ನಡೆಸುವ ಜನರುಂಟು. ಓದಿ ಹೇಳುವ ವೈದ್ಯರಿಲ್ಲ. ಚಿತ್ರಗಳನ್ನು ಮೈಸೂರಿನ ನಮ್ಮ ಮನೆಗೇ ಕಳುಹಿಸುವುದು. ಇವಳು ಮಹಡಿಯ ಕೋಣೆಯಲ್ಲಿ ಕುಳಿತು ಓದಿ ವರದಿ ಕೊಡುವುದು. ವಾರಕ್ಕೆ ಮೂರು ರಾತ್ರಿ. ಮಗುವಿಗೆ ಅಮ್ಮನೂ ಆಯಿತು, ಅಮ್ಮನಿಗೆ ವೃತ್ತಿಯೂ ಉಳಿಯಿತು. ಎರಡು ದೊಡ್ಡ ಪರದೆಗಳೂ ಒಂದು ಭಾರಿ ಗಣಕಯಂತ್ರವೂ ಆಸ್ಪತ್ರೆಯದೇ ಆದ ಒಂದು ಟೆಲಿಫೋನೂ ಮಹಡಿಯನ್ನೇರಿದವು.

ಆದರೆ ರೋಗಿಯ ಚಿತ್ರ ತೆರೆದ ಕಾಗದದಂತೆ ಬೀದಿಯಲ್ಲಿ ಬರಬಾರದಷ್ಟೆ? ಅದಕ್ಕಾಗಿ ವಿ.ಪಿ.ಎನ್. ಎಂಬ ಏರ್ಪಾಟು. ಆಸ್ಪತ್ರೆಯಲ್ಲಿ ಪ್ರತಿಯೊಂದು ತುಣುಕನ್ನೂ ಬೀಗ ಹಾಕಿ, ಇನ್ನೊಂದು ಲಕೋಟೆಯೊಳಗಿಟ್ಟು ಕಳುಹಿಸುತ್ತಾರೆ; ಅದನ್ನು ನಮ್ಮ ಮನೆಯಲ್ಲಿ ಮಾತ್ರ ಬಿಚ್ಚಬಹುದು. ನಡುವೆ ನೂರು ಕೈ ದಾಟಿದರೂ ಒಳಗೇನಿದೆಯೆಂಬುದು ಯಾರಿಗೂ ತಿಳಿಯದು. ಮನೆಯೊಂದಕ್ಕೆ ಒಂದೇ ಕೀಲಿಕೈ ಎಂಬುದು ಅವರ ನಿಯಮ. ಗಣಕಯಂತ್ರಕ್ಕೂ ಬೇಕು, ಫೋನಿಗೂ ಬೇಕು. ಫೋನಿಗೋ ಕೀಲಿ ಹಿಡಿಯುವ ಬುದ್ಧಿಯಿಲ್ಲ. ಆದುದರಿಂದ ಕೀಲಿಯನ್ನು ರೌಟರಿನಲ್ಲಿಯೇ ಇರಿಸಬೇಕೆಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಹುಡುಗ ಹೇಳಿದ. ತಂತಿಯವರು ಕೊಟ್ಟ ಪೆಟ್ಟಿಗೆಯಲ್ಲಿ ಅದಕ್ಕೆ ಅವಕಾಶವಿರಲಿಲ್ಲ.

"ನಾನೇ ಒಂದು ತರಿಸುತ್ತೇನೆ ಮಾವ" ಎಂದಳು ಸೊಸೆ.

"ನಿನಗೇಕಮ್ಮಾ ಆ ಗೊಡವೆ? ಆರಿಸುವ ಕೆಲಸ ನನಗಿರಲಿ" ಎಂದೆ.

ಅಂಗಡಿಯವನು ಎರಡು ಕೊಂಬಿನದನ್ನು ತೋರಿಸಿದ, ನಾಲ್ಕು ಕೊಂಬಿನದನ್ನು ತೋರಿಸಿದ, ಕೊನೆಗೆ ಆರು ಕೊಂಬಿನದನ್ನು ತಂದಿಟ್ಟ. ಅಬ್ಬಾ, ಅದರ ಗಾಂಭೀರ್ಯವೇ! ಮಗುಚಿಬಿದ್ದ ಜೇಡದಂತೆ ಆರೂ ಆಂಟೆನಾಗಳನ್ನು ಆಕಾಶಕ್ಕೆ ಚಾಚಿಕೊಂಡು ಕುಳಿತಿತ್ತು. ಡಬ್ಬದ ಮೇಲೆ 'ಎ.ಎಕ್ಸ್. 3000' ಎಂದು ಹೆಬ್ಬೆರಳಿನಷ್ಟು ಗಾತ್ರದ ಅಕ್ಷರ. ನಮ್ಮ ಫೈಬರ್ ತಂತಿಯ ವೇಗ ಸೆಕೆಂಡಿಗೆ 100 ಮೆಗಾಬಿಟ್, ಇದರದು 3000. ಇನ್ನೇನು ಬೇಕು? ಮೂಲೆಯಲ್ಲಿ ಸಣ್ಣಕ್ಷರಗಳಲ್ಲಿ ವಿ.ಪಿ.ಎನ್. ಎಂದೂ ಇತ್ತು. 4,200 ರೂಪಾಯಿ ಎಣಿಸಿ, ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಗೆದ್ದವನಂತೆ ಮನೆಗೆ ಬಂದೆ.

ಆ 3000ದ ಮರ್ಮ ತಿಳಿದದ್ದು ಆಮೇಲೆ. ಆ ಪೆಟ್ಟಿಗೆ ಎರಡು ಅಲೆಪಟ್ಟಿಗಳಲ್ಲಿ ಮಾತನಾಡುತ್ತದೆ. ಒಂದರ ಕಾಗದದ ಲೆಕ್ಕ 574, ಮತ್ತೊಂದರದು 2402. ಎರಡನ್ನೂ ಕೂಡಿಸಿ, ಬಾಕಿಯನ್ನು ಉದಾರವಾಗಿ ಸೇರಿಸಿ 3000 ಎಂದು ಬರೆಯುತ್ತಾರೆ. ಮನೆಯ ಮುಂಬಾಗಿಲಿನ ಅಗಲವನ್ನೂ ಹಿತ್ತಿಲಬಾಗಿಲಿನ ಅಗಲವನ್ನೂ ಕೂಡಿಸಿ, ನಮ್ಮ ಮನೆಗೆ ಆನೆ ಹೊಗ್ಗುತ್ತದೆಂದು ಹೇಳಿಕೊಂಡ ಹಾಗೆ. ಅಲ್ಲದೆ ಅದು ರೌಟರಿನಿಂದ ಕೈಯಲ್ಲಿನ ಫೋನಿನವರೆಗಿನ ಗಾಳಿಯ ಲೆಕ್ಕವೇ ಹೊರತು, ಬೀಗ ಹಾಕುವ ತೆಗೆಯುವ ಕೆಲಸಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಮೊದಲ ವಾರ ಎಲ್ಲವೂ ಸರಿಯಾಗಿಯೇ ಇದ್ದಂತೆ ಕಂಡಿತು. ಒಂದೊಂದು ಎಕ್ಸ್‌ರೇ ಬರುತ್ತಿತ್ತು, ಅವಳು ಓದುತ್ತಿದ್ದಳು. ಎರಡನೆಯ ವಾರ, ಒಂದು ಗುರುವಾರದ ರಾತ್ರಿ, ಸುಮಾರು ಒಂದೂವರೆ ಗಂಟೆಯಿರಬಹುದು, ಮಹಡಿಯಲ್ಲಿ ಫೋನು ಮತ್ತೆ ಮತ್ತೆ ಬಡಿದುಕೊಳ್ಳುವುದು ಕೇಳಿಸಿತು. ವಯಸ್ಸಾದವರ ನಿದ್ರೆ ನಿಮಗೆ ಗೊತ್ತೇ ಇದೆ. ಎದ್ದು, ಅವಳಿಗೆ ಒಂದು ಲೋಟ ಹಾಲು ಬಿಸಿಮಾಡಿಕೊಂಡು ಮೇಲೆ ಹೋದೆ. ಪರದೆಯ ಮೇಲೆ ಒಂದು ಪಟ್ಟಿ ಆಮೆಯಂತೆ ತೆವಳುತ್ತಿತ್ತು. ಅವಳು ಅದನ್ನೇ ನೋಡುತ್ತ ಕುಳಿತಿದ್ದಳು.

"ಏನಮ್ಮಾ?"

"ಪಾರ್ಶ್ವವಾಯು ಮಾವ. ಹಳ್ಳಿಯಿಂದ ಕರೆದುಕೊಂಡು ಬರುವುದಕ್ಕೇ ಮೂರೂವರೆ ಗಂಟೆ ಹಿಡಿದಿದೆ. ಚಿತ್ರ ಇನ್ನೂ ಬಂದಿಲ್ಲ."

ಅವಳು ಎರಡು ಮಾತಿನಲ್ಲಿ ವಿವರಿಸಿದಳು. ಪಾರ್ಶ್ವವಾಯು ಎರಡು ಬಗೆಯಿಂದ ಬರುತ್ತದೆ: ಮೆದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಇಲ್ಲವೆ ನಾಳ ಒಡೆದು ರಕ್ತ ಸುರಿದು. ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಮದ್ದಿದೆ. ಸಾಮಾನ್ಯವಾಗಿ ರೋಗ ಕಾಣಿಸಿಕೊಂಡ ನಾಲ್ಕೂವರೆ ಗಂಟೆಗಳೊಳಗೆ ಅದನ್ನು ಕೊಡಬೇಕು. ರಕ್ತ ಸುರಿದಿದ್ದರೆ ಅದೇ ಮದ್ದು ಪ್ರಾಣವನ್ನು ತೆಗೆಯಬಲ್ಲದು. ಯಾವುದೆಂದು ಚಿತ್ರ ನೋಡದೆ ಹೇಳುವಂತಿಲ್ಲ. ಆ ಚಿತ್ರವೋ, ಅಪಘಾತದಲ್ಲಿ ನಜ್ಜುಗುಜ್ಜಾದ ಮತ್ತೊಬ್ಬನ ಇಡೀ ದೇಹದ ಚಿತ್ರದ ಹಿಂದೆ ಸರತಿಯಲ್ಲಿ ನಿಂತಿತ್ತು. ಮುಂದಿನದು 1500 ಮೆಗಾಬೈಟ್, ಹಿಂದಿನದು 600. ಒಟ್ಟು ಹದಿನೇಳು ನಿಮಿಷಕ್ಕೂ ಹೆಚ್ಚಿನ ಕೆಲಸ. ಹಾಲು ಕೆನೆಕಟ್ಟಿತು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಕೊನೆಗೊಮ್ಮೆ ಬೂದುಬಣ್ಣದ ಹೋಳುಗಳು ಪರದೆಯ ಮೇಲೆ ಒಂದೊಂದಾಗಿ ತೆರೆದವು. ಅವಳು ಬೆರಳಾಡಿಸುತ್ತ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. ಫೋನನ್ನೆತ್ತಿ "ರಕ್ತಸ್ರಾವ ಇಲ್ಲ, ಶುರುಮಾಡಿ" ಎಂದಳು. ನಾಲ್ಕೂವರೆ ಗಂಟೆ ತುಂಬಲು ಇಪ್ಪತ್ತು ನಿಮಿಷವೂ ಉಳಿದಿರಲಿಲ್ಲವೆಂದು ಬೆಳಿಗ್ಗೆ ತಿಳಿಯಿತು.

ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ಬೆಳಿಗ್ಗೆ ನಾನು ತಂತಿಯವರ ಮೇಲೆ ಹರಿಹಾಯಲು ಸಿದ್ಧನಾದೆ. ಆದರೆ ಫೋನಿನಲ್ಲಿ ವೇಗ ಅಳೆದು ನೋಡಿದರೆ 96 ತೋರಿಸಿತು. ತಂತಿಯಲ್ಲಿ ದೋಷವಿಲ್ಲ. ವಿ.ಪಿ.ಎನ್. ಮೂಲಕ ಅಳೆದಾಗ 16. ಎಂದರೆ ಬೀದಿಯಿಂದ ಮನೆಯ ಬಾಗಿಲವರೆಗೆ ಓಡಿಬಂದದ್ದು ಬಾಗಿಲಲ್ಲೇ ಮುಗ್ಗರಿಸಿತ್ತು. ಆಸ್ಪತ್ರೆಯ ಹುಡುಗನಿಗೆ ಫೋನು ಮಾಡಿದೆ. "ನಿಮ್ಮ ರೌಟರ್‌ನ ಪ್ರಾಸೆಸರ್ ಸಾಲದು ಸಾರ್" ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ.

ಆ ವಾಕ್ಯ ಬೇರೆಯವರಿಗೆ ಅರ್ಥವಾಗುತ್ತಿತ್ತೋ ಇಲ್ಲವೋ, ನನಗೆ ಆಯಿತು. ನಾನು 36 ವರ್ಷ ರೈಲ್ವೆ ಮೇಲ್ ಸರ್ವಿಸಿನಲ್ಲಿ ಟಪಾಲು ವಿಂಗಡಿಸಿದವನು. ವಿಮೆ ಮಾಡಿದ ಲಕೋಟೆಗಳಿಗೆ ಅರಗಿನ ಮೊಹರನ್ನು ನೋಡದೆ, ಸಾಲಿನಲ್ಲಿ ಬರೆಯದೆ ಮುಂದಕ್ಕೆ ಬಿಡುವಂತಿರಲಿಲ್ಲ. ದೀಪಾವಳಿಯ ಸಮಯದಲ್ಲಿ ಗಾಡಿಗಟ್ಟಲೆ ಚೀಲಗಳು ಬಂದು ಬೀಳುತ್ತಿದ್ದವು. ಬಾಗಿಲು ಎತ್ತಿನಗಾಡಿ ಹೋಗುವಷ್ಟು ಅಗಲ. ಹಮಾಲರು ಹತ್ತು ಮಂದಿ. ಏನು ಪ್ರಯೋಜನ? ಅರಗಿನ ದೀಪದ ಮುಂದೆ ಕುಳಿತವನು ಒಬ್ಬನೇ ಗುಮಾಸ್ತ. ಅವನ ಕೈ ಓಡಿದಷ್ಟೇ ಟಪಾಲು ಓಡಬೇಕು. ನಾನು ತಂದದ್ದು ಆರು ಬಾಗಿಲುಗಳ ಕಛೇರಿಯನ್ನು. ಒಳಗಿನ ಗುಮಾಸ್ತನನ್ನು ನೋಡಿರಲೇ ಇಲ್ಲ.

ಕೆಲಸದ ಅಗಾಧತೆಯನ್ನು ಊಹಿಸಿ. ಇಂಟರ್‌ನೆಟ್ಟಿನಲ್ಲಿ ಚಿತ್ರವಾಗಲಿ ಮಾತಾಗಲಿ ಇಡಿಯಾಗಿ ಬರುವುದಿಲ್ಲ. ಒಂದೊಂದೂ ಸುಮಾರು 1400 ಬೈಟುಗಳ ಲಕೋಟೆಗಳಾಗಿ ಬರುತ್ತದೆ. 100 ಮೆಗಾಬಿಟ್ ವೇಗವೆಂದರೆ ಸೆಕೆಂಡಿಗೆ ಸುಮಾರು 9000 ಲಕೋಟೆ. ಪ್ರತಿಯೊಂದರ ಮೊಹರನ್ನೂ ಪರೀಕ್ಷಿಸಿ, ಬೀಗ ತೆಗೆದು, ಒಳಗಿನದನ್ನು ಮುಂದಕ್ಕೆ ಕೊಡಬೇಕು. ಬರಿಯ ವಿಳಾಸ ನೋಡಿ ಸಾಗಹಾಕುವುದಾದರೆ ಅಗ್ಗದ ರೌಟರಿಗೂ ಅದು ಲೀಲೆ. ಬಹಳಷ್ಟು ರೌಟರುಗಳಲ್ಲಿ ಅದಕ್ಕೇ ಪ್ರತ್ಯೇಕ ಯಂತ್ರಾಂಗವಿರುತ್ತದೆ. ಬೀಗದ ಕೆಲಸ ಮಾತ್ರ ಅದರ ಪುಟ್ಟ ಪ್ರಾಸೆಸರಿನ ತಲೆಯ ಮೇಲೆ ಬೀಳುತ್ತದೆ.

ಬೀಗದಲ್ಲಿಯೂ ಬಗೆಗಳುಂಟು. ಆಸ್ಪತ್ರೆಯವರದು ಓಪನ್‌ವಿ.ಪಿ.ಎನ್. ಎಂಬ ಕ್ರಮ, 2001ರಲ್ಲಿ ಜೇಮ್ಸ್ ಯೋನನ್ ಎಂಬವರು ಬರೆದದ್ದು. ನಂಬಿಕೆಗೆ ಅರ್ಹವಾದ ಹಳೆಯ ಕ್ರಮ. ಆದರೆ ಅದರ ಕಾರ್ಯವಿಧಾನ ನಮ್ಮ ಹಳೆಯ ಕಛೇರಿಗಳಂತೆ: ಕೆಳಗಿನ ಅಂತಸ್ತಿಗೆ ಬಂದ ಪ್ರತಿ ಲಕೋಟೆಯನ್ನೂ ಮೇಲಂತಸ್ತಿನ ಅಧಿಕಾರಿಯ ಮೇಜಿಗೆ ಒಯ್ದು, ಮೊಹರು ಬಿಚ್ಚಿಸಿ, ಮತ್ತೆ ಕೆಳಗೆ ತರಬೇಕು. ಅಧಿಕಾರಿಯೋ ಒಬ್ಬನೇ. ಪ್ರಾಸೆಸರಿನಲ್ಲಿ ನಾಲ್ಕು ತಲೆಗಳಿದ್ದರೂ ಒಂದು ತಲೆ ಬೆವರುತ್ತದೆ, ಮೂರು ವೀಳ್ಯ ಮೆಲ್ಲುತ್ತವೆ. ಈ ಕೆಲಸವನ್ನು ಕೆಳಗಿನ ಅಂತಸ್ತಿನಲ್ಲಿಯೇ ಮುಗಿಸುವ ಏರ್ಪಾಟು ಈಚೆಗೆ ಬಂದಿದೆ. 2025ರಲ್ಲಿ ಅದು ಲಿನಕ್ಸ್‌ನ ತಿರುಳಿಗೇ ಸೇರಿತು. ಆದರೆ ಮಾರಾಟಕ್ಕಿರುವ ಎಲ್ಲ ಪೆಟ್ಟಿಗೆಗಳಿಗೂ ಅದು ಬಂದಿಲ್ಲ.

ಇನ್ನೊಂದು ಕ್ರಮ ವೈರ್‌ಗಾರ್ಡ್. ಜೇಸನ್ ಡೊನೆನ್‌ಫೆಲ್ಡ್ ಎಂಬ ತರುಣ ಅದನ್ನು ಸುಮಾರು 4000 ಸಾಲುಗಳಲ್ಲಿ ಬರೆದು ಮುಗಿಸಿದ. 2020ರ ಮಾರ್ಚ್‌ನಲ್ಲಿ ಅದು ಲಿನಕ್ಸ್‌ನೊಳಗೆ ಸೇರಿತು. ಅದರಲ್ಲಿ ಕೆಲಸವೆಲ್ಲ ಕೆಳಗಿನ ಅಂತಸ್ತಿನಲ್ಲಿಯೇ. ನಾಲ್ಕು ತಲೆಗಳೂ ಹಂಚಿಕೊಂಡು ದುಡಿಯುತ್ತವೆ. ಬೀಗವೂ ಬಡ ಪ್ರಾಸೆಸರಿಗೆ ಹಗುರವಾಗುವಂಥದು. ಅದೇ ಆರು ಕೊಂಬಿನ ಪೆಟ್ಟಿಗೆಯಲ್ಲಿ ಆ ಹುಡುಗ ಒಂದು ಭಾನುವಾರ ಪರೀಕ್ಷೆಗಾಗಿ ವೈರ್‌ಗಾರ್ಡ್ ಇಟ್ಟು ತೋರಿಸಿದ: 16 ಇದ್ದದ್ದು 80ರ ಮೇಲಕ್ಕೆ ಹೋಯಿತು! ಪೆಟ್ಟಿಗೆ ಅದೇ, ತಂತಿ ಅದೇ. "ಹಾಗಾದರೆ ಅದನ್ನೇ ಇಟ್ಟುಬಿಡಪ್ಪ" ಎಂದೆ. ಅವನು ನಕ್ಕ. "ಬೀಗ ನಮ್ಮದಲ್ಲವೇ ಸಾರ್? ಇಲ್ಲಿ ಇನ್ನೂ ಎಷ್ಟೋ ವೈದ್ಯರ ಮನೆಗೆ ಹಳೆಯ ಕೀಲಿಯನ್ನೇ ಕೊಟ್ಟಿದ್ದೇವೆ. ಒಬ್ಬರಿಗಾಗಿ ಬದಲಾಯಿಸುವುದಕ್ಕೆ ಆಡಳಿತದವರು ಒಪ್ಪುವುದಿಲ್ಲ" ಎಂದ. ನ್ಯಾಯವೇ. ಬೀಗ ಯಾವುದೆಂದು ತೀರ್ಮಾನಿಸುವವರು ಆಚೆಯವರು. ಅಂಗಡಿಗೆ ಕಾಲಿಡುವ ಮೊದಲು ಅವರನ್ನು ಕೇಳಬೇಕಾಗಿತ್ತು. ನಾನು ಕೊಂಬು ಎಣಿಸಿದೆ.

ಆ ರಾತ್ರಿಯ ಮರುದಿನವೇ ತಾತ್ಕಾಲಿಕ ಉಪಾಯವೊಂದು ಸಿಕ್ಕಿತ್ತೆಂಬುದನ್ನೂ ಹೇಳಬೇಕು. ಇದು ಹಲವರ ಹಣವನ್ನು ಉಳಿಸೀತು. ಕೀಲಿಯನ್ನು ರೌಟರಿನಿಂದ ತೆಗೆದು, ಮಹಡಿಯ ಆ ಭಾರಿ ಗಣಕಯಂತ್ರದಲ್ಲಿಯೇ ಇಟ್ಟೆವು. ಅದರ ಪ್ರಾಸೆಸರ್ ಮಹಾಬಲಶಾಲಿ; ವೇಗ ಒಮ್ಮೆಲೇ 88ಕ್ಕೆ ಏರಿತು. ಬೀಗದ ಕೆಲಸ ಗಣಕದಲ್ಲಿ ನಡೆದಾಗ ರೌಟರು ಬರಿಯ ಹಮಾಲ. ಯಾವ ರೌಟರಾದರೂ ನಡೆಯುತ್ತದೆ. ಕಛೇರಿಯವರು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಅವರದೇ ವಿ.ಪಿ.ಎನ್. ಇಟ್ಟುಕೊಂಡು ಮನೆಯಿಂದ ಕೆಲಸ ಮಾಡುವವರು ನಮ್ಮ ಬೀದಿಯಲ್ಲಿಯೇ ಏಳೆಂಟು ಮಂದಿಯಿದ್ದಾರೆ. 'ವಿ.ಪಿ.ಎನ್.ಗೆಂದೇ ಮಾಡಿದ ರೌಟರ್' ಎಂದು ಅವರಿಗೆ ಯಾರಾದರೂ ಮಾರಲು ಬಂದರೆ ಒಂದು ಲೋಟ ಕಾಫಿ ಕೊಟ್ಟು ಕಳುಹಿಸುವುದು ಲೇಸು. ಅವರಿಗೆ ಬೇಕಾದದ್ದು ಗೋಡೆಗಳನ್ನು ದಾಟುವ ವೈಫೈ, ಇಲ್ಲವೇ, ನನ್ನನ್ನು ಕೇಳಿದರೆ, ಮೇಜಿನವರೆಗೆ ಎಳೆದ ಒಂದು ತಂತಿ.

ನಮಗೆ ಮಾತ್ರ ಅದು ಪೂರ್ತಿ ಪರಿಹಾರವಾಗಲಿಲ್ಲ. ಕೀಲಿ ಗಣಕಕ್ಕೆ ಹೋದ ಕ್ಷಣವೇ ಆಸ್ಪತ್ರೆಯ ಫೋನು ಮೂಕವಾಯಿತು. ಸೊಸೆ ತನ್ನ ಸ್ವಂತ ಮೊಬೈಲಿನಲ್ಲಿ ಮಾತನಾಡುತ್ತ ಮೂರು ವಾರ ತಳ್ಳಿದಳು. ರೋಗಿಯ ವಿಷಯವನ್ನು ಹೊರಗಿನ ಫೋನಿನಲ್ಲಿ ಆಡಬಾರದೆಂದು ಆಸ್ಪತ್ರೆಯವರು ಒಂದು ಸಲ ಮೃದುವಾಗಿಯೂ, ಇನ್ನೊಂದು ಸಲ ಅಷ್ಟು ಮೃದುವಾಗಿಯಲ್ಲದೆಯೂ ತಿಳಿಸಿದರು. ತಿಂಗಳ ಕೊನೆಯೊಳಗೆ ಸರಿಪಡಿಸದಿದ್ದರೆ ರಾತ್ರಿಯ ಪಾಳಿಯನ್ನು ಬೇರೆಯವರಿಗೆ ವಹಿಸಬೇಕಾಗುತ್ತದೆಂದು ಪತ್ರವೂ ಬಂತು. ಅವಳು ಆ ಪತ್ರವನ್ನು ನನಗೆ ತೋರಿಸಲಿಲ್ಲ; ನಮ್ಮಾಕೆ ತೋರಿಸಿದಳು.

ಈ ಮೂರು ವಾರಗಳಲ್ಲಿ ನನಗೆ ಸಲಹೆ ಕೊಡದವರೇ ಇಲ್ಲ. ಎದುರುಮನೆಯ ನಿವೃತ್ತ ಮೇಷ್ಟರು ಧ್ವನಿ ತಗ್ಗಿಸಿ, "ವಿ.ಪಿ.ಎನ್. ಎಂದರೆ ಕದ್ದು ಸಿನಿಮಾ ನೋಡುವುದಲ್ಲವೇ? ಸರ್ಕಾರದವರು ನಿಲ್ಲಿಸಿದರಂತಲ್ಲ?" ಎಂದು ಕೇಳಿದರು. ಅವರ ತಪ್ಪೇನೂ ಇಲ್ಲ. ತಿಂಗಳ ಬಾಡಿಗೆ ತೆಗೆದುಕೊಂಡು ಸಾರ್ವಜನಿಕರಿಗೆ ವಿ.ಪಿ.ಎನ್. ಒದಗಿಸುವ ಸಂಸ್ಥೆಗಳುಂಟು. ಬಳಕೆದಾರರ ವಿವರಗಳನ್ನು 5 ವರ್ಷ ಇಟ್ಟಿರಬೇಕೆಂದು ಭಾರತ ಸರ್ಕಾರದ ಸಿ.ಇ.ಆರ್.ಟಿ.-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಕೊಟ್ಟಾಗ ಅವುಗಳಲ್ಲಿ ಕೆಲವು ತಮ್ಮ ಯಂತ್ರಗಳನ್ನೇ ದೇಶದಿಂದ ಎತ್ತಿಕೊಂಡು ಹೋದವು. ಕಛೇರಿಗಳೂ ಆಸ್ಪತ್ರೆಗಳೂ ತಮ್ಮವರಿಗಾಗಿ ಇಟ್ಟುಕೊಂಡ ವಿ.ಪಿ.ಎನ್.ಗೆ ಆ ನಿಯಮ ತಗಲುವುದಿಲ್ಲ. ಇದನ್ನೆಲ್ಲ ವಿವರಿಸಿ ಹೇಳಿದೆ. ಮೇಷ್ಟರು ಕೊನೆಯವರೆಗೂ ತಲೆದೂಗಿ, ಹೊರಡುವಾಗ "ಆದರೂ ಹುಷಾರಾಗಿರಿ" ಎಂದರು.

ಅವರ ಮೊಮ್ಮಗ ತನ್ನ ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಗಣಕವನ್ನು ತಂದುಕೊಟ್ಟ. ಹುಡುಗನ ಪ್ರೀತಿ ದೊಡ್ಡದು. ಆದರೆ ಅಷ್ಟರಲ್ಲಿ ನಾನು ಕೇಳಬೇಕಾದ ಪ್ರಶ್ನೆಯನ್ನು ಕಲಿತಿದ್ದೆ. ಓಪನ್‌ವಿ.ಪಿ.ಎನ್. ಬಹುಮಟ್ಟಿಗೆ ಎ.ಇ.ಎಸ್. ಎಂಬ ಬೀಗವನ್ನು ಬಳಸುತ್ತದೆ. ಬೆಲ್ಜಿಯಂನ ಇಬ್ಬರು ವಿದ್ವಾಂಸರು, ಡೇಮನ್ ಮತ್ತು ರೈಮನ್, ರಚಿಸಿದ ಅದನ್ನು ಅಮೆರಿಕ ಸರ್ಕಾರ 2001ರಲ್ಲಿ ತನ್ನ ಪ್ರಮಾಣವನ್ನಾಗಿ ಅಂಗೀಕರಿಸಿತು. ಈ ಬೀಗವನ್ನು ಲೆಕ್ಕಮಾಡಿ ತೆರೆಯುವುದು ಒಂದು ದಾರಿ. ಅದಕ್ಕೆಂದೇ ಪ್ರಾಸೆಸರಿನಲ್ಲಿ ಕೆತ್ತಿದ ಆಜ್ಞೆಗಳಿಂದ ತೆರೆಯುವುದು ಇನ್ನೊಂದು ದಾರಿ. ಮೊದಲನೆಯದು ಕೈಯಿಂದ ಅರಗು ಕಾಯಿಸಿ ಮೊಹರೊತ್ತುವುದು; ಎರಡನೆಯದು ಮೊಹರಿನ ಯಂತ್ರ. 2019ರ ರಾಸ್‌ಬೆರಿ ಪೈ 4ರಲ್ಲಿ ಆ ಆಜ್ಞೆಗಳಿಲ್ಲ. 2023ರ ಪೈ 5ರಲ್ಲಿ ಇವೆ. ಹುಡುಗ ತಂದದ್ದು 4. ಹಿಂದಕ್ಕೆ ಕೊಡುವಾಗ ಅವನ ಮುಖ ಬಾಡಿತು. ನಮ್ಮಾಕೆ ಕೋಡುಬಳೆ ಕೊಟ್ಟು ಸಮಾಧಾನಪಡಿಸಿದಳು.

ಅಂತೂ ಎರಡನೆಯ ಸಲ ಅಂಗಡಿಗೆ ಹೋದಾಗ ನನ್ನ ಜೇಬಿನಲ್ಲಿ ಒಂದು ಚೀಟಿಯಿತ್ತು. ಅದರಲ್ಲಿ ಕೊಂಬಿನ ಮಾತೇ ಇರಲಿಲ್ಲ. ಒಂದು ತಲೆಯಾದರೂ ಗಟ್ಟಿಯಾಗಿರುವ ಪ್ರಾಸೆಸರ್, ಅದರಲ್ಲಿ ಎ.ಇ.ಎಸ್. ಆಜ್ಞೆಗಳು, ತಂತಿ ಸಿಕ್ಕಿಸಲು ಕನಿಷ್ಠ ಎರಡು ಕಂಡಿ, ಇಷ್ಟೆ. ಅಂಗಡಿಯವನು ಮತ್ತೆ ಕೊಂಬಿನವನ್ನೇ ಇಳಿಸತೊಡಗಿದ. 'ಇದರಲ್ಲಿ ಓಪನ್‌ವಿ.ಪಿ.ಎನ್. ಎಷ್ಟು ವೇಗ?' ಎಂದು ಕೇಳಿದೆ. ಅವನು ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದ. ಕೆಲವು ತಯಾರಕರು ಅದನ್ನು ತಮ್ಮ ವಿವರಪಟ್ಟಿಯಲ್ಲಿ ಬರೆಯುತ್ತಾರೆ, ವೈರ್‌ಗಾರ್ಡ್‌ಗೆ ಇಷ್ಟು, ಓಪನ್‌ವಿ.ಪಿ.ಎನ್.ಗೆ ಇಷ್ಟು ಎಂದು ಬೇರೆ ಬೇರೆಯಾಗಿ, ಬಹುಮಂದಿ ಬರೆಯುವುದಿಲ್ಲ. ಬರೆಯದವರದನ್ನು ಕೊಳ್ಳಬಾರದೆಂದು ನಾನು ಶಪಥ ಮಾಡಿಕೊಂಡಿದ್ದೆ.

ಕೊನೆಗೆ ಕೊಂಡದ್ದು ರೌಟರೆಂದು ಅಂಗಡಿಯವನು ಕರೆಯುವ ಪದಾರ್ಥವೇ ಅಲ್ಲ. ಇಂಟೆಲ್ ಪ್ರಾಸೆಸರಿನ ಒಂದು ಕಿರುಗಣಕ; ಅಡಕೆಲೆಯ ತಟ್ಟೆಯಷ್ಟು ದೊಡ್ಡದು, ಕಪ್ಪುಬಣ್ಣ, ಬೆನ್ನಲ್ಲಿ ಎರಡು ಕಂಡಿಗಳು, ಬೀಸಣಿಗೆ ಸಹ ಇಲ್ಲ. 17,500 ರೂಪಾಯಿ. ಅದರೊಳಗೆ ಆಸ್ಪತ್ರೆಯ ಹುಡುಗ ಓಪನ್‌ಡಬ್ಲ್ಯು.ಆರ್.ಟಿ. ಎಂಬ ಉಚಿತ ತಂತ್ರಾಂಶವನ್ನು ದೂರದಿಂದಲೇ ನನ್ನ ಕೈಯಿಂದ ಕೂರಿಸಿದ. ಲಿಂಕ್‌ಸಿಸ್ ಸಂಸ್ಥೆಯ ಒಂದು ನೀಲಿ ರೌಟರಿನ ತಂತ್ರಾಂಶವನ್ನು ಅದರ ಪರವಾನಗಿಯ ಷರತ್ತಿನಂತೆ ಬಹಿರಂಗಪಡಿಸಬೇಕಾಗಿ ಬಂದಾಗ, ಅದನ್ನು ಹಿಡಿದುಕೊಂಡು 2004ರಲ್ಲಿ ಉತ್ಸಾಹಿಗಳು ಆರಂಭಿಸಿದ ಕೆಲಸವಂತೆ ಅದು.

ನಮ್ಮಾಕೆ ಆ ಕಪ್ಪು ಪೆಟ್ಟಿಗೆಯನ್ನು ನೋಡಿ, "ಇದಕ್ಕೆ ಹದಿನೇಳೂವರೆ ಸಾವಿರವೇ? ಕೊಂಬೂ ಇಲ್ಲವಲ್ಲ!" ಎಂದಳು. ಹೌದು, ಮೊದಲ ಪೆಟ್ಟಿಗೆಯನ್ನು ಹೊಗಳುವಾಗ ಕೊಂಬಿನ ಮಹಿಮೆಯನ್ನು ಆಕೆಗೆ ಬೋಧಿಸಿದವನು ನಾನೇ.

ಭಾನುವಾರ ಬೆಳಿಗ್ಗೆ ಪರೀಕ್ಷೆ. ವೇಗ 91 ತೋರಿಸಿತು. ಫೋನಿಗೆ ಜೀವ ಬಂತು. ಆಸ್ಪತ್ರೆಯ ಪುಟವೂ ತೆರೆಯಿತು, ರೋಗಿಗಳ ಪಟ್ಟಿಯೂ ಬಂತು. ಚಿತ್ರವನ್ನು ತೆರೆಯಹೋದರೆ, ನಿಂತುಬಿಟ್ಟಿತು. ಮತ್ತೆ ಒತ್ತಿದಳು, ಮತ್ತೆ ನಿಂತಿತು. ಚಿಕ್ಕದೆಲ್ಲ ಬರುತ್ತದೆ, ದೊಡ್ಡದು ಯಾವುದೂ ಬರುವುದಿಲ್ಲ. ಸೊಸೆಯ ಮುಖವನ್ನು ನೋಡುವ ಧೈರ್ಯವಾಗದೆ ನಾನು ಕಿಟಕಿಯ ಕಡೆ ತಿರುಗಿದೆ.

ಇದರ ಕಾರಣವನ್ನು ಹುಡುಗ ಹೇಳಿದಾಗ ನನಗೆ ನಗು ಬಂತು. ಟಪಾಲಿನವನಿಗೆ ಹೊಳೆಯಬೇಕಾಗಿದ್ದ ವಿಷಯ! ದಾರಿಯಲ್ಲಿ ಹೋಗುವ ಲಕೋಟೆಗೆ 1500 ಬೈಟುಗಳ ಮಿತಿಯುಂಟು. ನಮ್ಮ ತಂತಿಯವರ ಪದ್ಧತಿಯಲ್ಲಿ ಅವರ ಚೀಟಿಗೇ 8 ಬೈಟು ಹೋಗಿ 1492 ಉಳಿಯುತ್ತದೆ. ವಿ.ಪಿ.ಎನ್. ಎಂದರೆ ಲಕೋಟೆಯೊಳಗೆ ಲಕೋಟೆ. ಹೊರಗಿನದಕ್ಕೂ ಜಾಗ ಬೇಡವೇ? ಒಳಗಿನದನ್ನು ತುಂಬುಗಾತ್ರಕ್ಕೆ ಮಾಡಿದರೆ ಹೊರಗಿನದು ಚೀಲದ ಬಾಯಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಚಿಕ್ಕ ಕಾಗದಗಳು ನುಸುಳುತ್ತವೆ, ದಪ್ಪನೆಯವು ಸದ್ದಿಲ್ಲದೆ ಬಿದ್ದುಹೋಗುತ್ತವೆ. ಒಳಲಕೋಟೆಯ ಗಾತ್ರವನ್ನು 1400ಕ್ಕೆ ಇಳಿಸಿದೆವು. ಚಿತ್ರ ಬಂದು ಪರದೆಯ ತುಂಬ ಹರಡಿಕೊಂಡಿತು. ಆರು ಕೊಂಬಿನದು ಈ ಅಳತೆಯನ್ನು ಯಾರೂ ಹೇಳದೆ ತಾನೇ ಸರಿಮಾಡಿಕೊಳ್ಳುತ್ತಿತ್ತೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅದಕ್ಕೆ ಬುದ್ಧಿಯಿತ್ತು, ತೋಳಿನಲ್ಲಿ ಬಲವಿರಲಿಲ್ಲ.

ಅದನ್ನು ಎಸೆಯಲಿಲ್ಲ. ಹಜಾರದಲ್ಲಿ ವೈಫೈ ಹಂಚುವ ಕೆಲಸಕ್ಕೆ ಇಟ್ಟೆವು. ಆ ಕೆಲಸದಲ್ಲಿ ಅದಕ್ಕೆ ಸಾಟಿಯಿಲ್ಲ. ಬೀಗದ ಕೆಲಸ ಕಪ್ಪು ಪೆಟ್ಟಿಗೆಯದು, ಹಂಚುವ ಕೆಲಸ ಕೊಂಬಿನದು. ಮಹಡಿಗೆ ಮಾತ್ರ ಗೋಡೆಯಂಚಿನಲ್ಲಿ ತಂತಿಯನ್ನೇ ಎಳೆಸಿದೆ. ಕರೆಂಟು ಹೋದರೂ ನಿಲ್ಲದಂತೆ ತಂತಿಯವರ ಪೆಟ್ಟಿಗೆಗೂ ಇದಕ್ಕೂ ಸೇರಿ ಒಂದು ಬ್ಯಾಟರಿ, ಗಣಕಕ್ಕೆ ಇನ್ನೊಂದು. ಬೇರೆ ಊರಿನಲ್ಲಿರುವಾಗ ಮನೆಯ ಯಂತ್ರವನ್ನು ಅಲ್ಲಿಂದ ತಲಪಬಹುದೇ ಎಂದು ಮಗ ಕೇಳಿದ, ಆಗಲಿಲ್ಲ. ತಂತಿಯವರು ನೂರಾರು ಮನೆಗಳಿಗೆ ಒಂದೇ ವಿಳಾಸವನ್ನು ಹಂಚಿದ್ದಾರೆ, ವಠಾರಕ್ಕೆಲ್ಲ ಒಂದೇ ಬಾಗಿಲ ನಂಬರು ಇದ್ದ ಹಾಗೆ. ಒಳಗಿನವರು ಹೊರಗೆ ಕಾಗದ ಬರೆದರೆ ಉತ್ತರ ಬರುತ್ತದೆ. ಹೊರಗಿನವರು ತಾವಾಗಿ ಬಂದರೆ ಯಾವ ಮನೆಯೆಂದು ಯಾರೂ ಹೇಳುವುದಿಲ್ಲ. ಆಸ್ಪತ್ರೆಯ ಕಡೆಗೆ ಮೊದಲ ಕಾಗದ ಬರೆಯುವವರು ನಾವೇ ಆದುದರಿಂದ ನಮ್ಮ ಕೆಲಸಕ್ಕೆ ತೊಂದರೆಯಿಲ್ಲ. ಬೇಕಾದವರು ಹೆಚ್ಚು ಹಣ ಕೊಟ್ಟು ಸ್ವಂತ ವಿಳಾಸ ಪಡೆಯಬಹುದು. ನಾನು ಮಗನಿಗೆ ಮನೆಗೇ ಬಾ ಎಂದೆ.

ಒಂದು ಮಿತಿಯನ್ನು ನಾನು ಎಷ್ಟು ಹಣ ಚೆಲ್ಲಿದರೂ ದಾಟಲಾರೆ. ನಮಗೆ ಬರುವ ವೇಗ ಅವರು ಕಳುಹಿಸುವ ವೇಗಕ್ಕಿಂತ ಹೆಚ್ಚಾಗದು. ಮಳೆಗಾಲದಲ್ಲಿ ಘಟ್ಟದ ಕಡೆ ಮರ ಬಿದ್ದು ಅವರ ತಂತಿ ಕಡಿದ ದಿನ ಆಸ್ಪತ್ರೆ ಬದಲಿ ಸಂಪರ್ಕದಿಂದ ಕಳುಹಿಸಿತು. ಆ ರಾತ್ರಿ 20 ಕೂಡ ಬರಲಿಲ್ಲ. ಕಪ್ಪು ಪೆಟ್ಟಿಗೆ ಕೈಕಟ್ಟಿ ಕುಳಿತಿತ್ತು.

ಮೊನ್ನೆ ಮತ್ತೊಂದು ರಾತ್ರಿ ಫೋನು ಬಡಿಯಿತು. ಎದ್ದು ಒಲೆಯ ಮೇಲೆ ಹಾಲಿಟ್ಟೆ. ಹಾಲು ಉಕ್ಕುವ ಮೊದಲೇ ಮೇಲಿನಿಂದ ಅವಳ ಧ್ವನಿ ಕೇಳಿಸಿತು. ವರದಿಯನ್ನು ಓದಿ ಹೇಳುತ್ತಿದ್ದಳು. 600 ಮೆಗಾಬೈಟಿಗೆ 53 ಸೆಕೆಂಡು ಎಂದು ನಾನು ಆಗಲೇ ಲೆಕ್ಕಹಾಕಿ ಇಟ್ಟಿದ್ದೇನೆ. ಲೋಟವನ್ನು ಅವಳ ಮೇಜಿನ ಮೇಲಿಟ್ಟು, ಬಹಳ ದಿನದಿಂದ ಬಾಯಿಗೆ ಬಂದು ನಿಲ್ಲುತ್ತಿದ್ದ ಪ್ರಶ್ನೆಯನ್ನು ಕೇಳಿಬಿಟ್ಟೆ.

"ಆ ಗುರುವಾರದ ರೋಗಿ ಏನಾದರಮ್ಮಾ?"

"ಗೊತ್ತಿಲ್ಲ ಮಾವ. ವರದಿ ಕಳಿಸಿದ ಮೇಲೆ ನಮಗೆ ಯಾರೂ ಹೇಳುವುದಿಲ್ಲ. ನಡೆದುಕೊಂಡು ಮನೆಗೆ ಹೋಗಿರಬಹುದು ಅಂದುಕೊಳ್ಳುತ್ತೇನೆ."

ಅರಸೀಕೆರೆಯ ದಾರಿಯಲ್ಲಿ, ಓಡುವ ಗಾಡಿಯ ಮಂದ ದೀಪದಲ್ಲಿ, ಎಷ್ಟು ಸಾವಿರ ಕಾಗದಗಳನ್ನು ಗೂಡುಗೂಡಿಗೆ ಎಸೆದಿದ್ದೆನೋ. ಯಾವುದರಲ್ಲಿ ಏನಿತ್ತೆಂದು ನನಗೂ ಯಾರೂ ಹೇಳಲಿಲ್ಲ. ಅವಳು ಪರದೆಯ ಕಡೆ ತಿರುಗಿ ಮುಂದಿನ ಚಿತ್ರವನ್ನು ತೆರೆದಳು. ಕೆಳಗೆ ಮಗು ಎದ್ದು ಅಳುವುದು ಕೇಳಿಸಿತು. ಎತ್ತಿಕೊಳ್ಳಲು ಇಳಿದು ಹೋದೆ.